‘ಗ್ರೇಪ್‌ವೈನ್’ ಹಾಡಿನ ಮೂಲ ಯಾರದ್ದು? ದೋಸೆ ಪಂದ್ಯ ಕಟ್ಟಿಬಿಟ್ಟಿದ್ದೀನಿ

ಕ್ಯಾಸೆಟ್_ಮಗ
ಎಲ್ಲರಿಗೂ ನಮಸ್ಕಾರ. ಒಂದು ಜಗಳ ಬಗೆಹರಿಸಿಕೊಡಿ.

ನಮ್ಮ ಸೋದರಮಾವನ ಹತ್ತಿರ ಒಂದು ಕ್ಯಾಸೆಟ್ ಇತ್ತು. ಮೇಲೆ ನೀಲಿ ಇಂಕಿನಲ್ಲಿ ‘ಇಂಗ್ಲಿಷ್, ಗಲಾಟೆ’ ಅಂತ ಬರೆದಿಟ್ಟಿದ್ದ. ಅದರ ಬಿ ಸೈಡಿನಲ್ಲಿ ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ್ದು, 11 ನಿಮಿಷ. ಮಧ್ಯದಲ್ಲಿ ಗಿಟಾರು ಎಷ್ಟು ಹೊತ್ತು ಸುತ್ತುತ್ತೆ ಅಂದ್ರೆ, ಅದು ಶುರುವಾದಾಗ ಬಚ್ಚಲಿಗೆ ಹೋದ ಮಾವ ಹಾಡು ಮುಗಿಯೋ ಹೊತ್ತಿಗೆ ತಲೆ ಒರೆಸಿಕೊಂಡು ಬರ್ತಿದ್ದ. ಇಪ್ಪತ್ತು ವರ್ಷ ಇದೇ ಮೂಲ ಅಂದ್ಕೊಂಡಿದ್ದೆ.

ಈಗ ಆಫೀಸಿನ ವಾರ್ಷಿಕೋತ್ಸವಕ್ಕೆ ಐದು ಜನ ಸೇರಿ ಬ್ಯಾಂಡ್ ಮಾಡ್ಕೊಂಡಿದ್ದೀವಿ. ಈ ಹಾಡು ಮಾಡೋಣ ಅಂದೆ. ಡ್ರಮ್ಸ್ ಹುಡುಗ ನಕ್ಕ: ‘ಅದು ಮಾರ್ವಿನ್ ಗೇ ಹಾಡು ಕಣೋ, ನಿಂದು ಕವರ್, ಅಂದ್ರೆ ಅವರ ಹಾಡನ್ನ ಬೇರೆಯವರು ಮತ್ತೆ ಹಾಡಿದ್ದು.’ ಹಾಡೋ ಹುಡುಗಿ ಅವನಿಗಿಂತ ಜೋರಾಗಿ ನಕ್ಕಳು: ‘ಮಾರ್ವಿನ್ ಗೇದೂ ಕವರ್ರೇ. ಮೂಲ ಗ್ಲಾಡಿಸ್ ನೈಟ್ ಅವರದು.’ ನಾನು ಡ್ರಮ್ಸ್ ಹುಡುಗನ ಪಕ್ಷ ಸೇರಿದೆ. ಸೋತವರು ಎಲ್ಲರಿಗೂ ಮಸಾಲೆ ದೋಸೆ ಕೊಡಿಸಬೇಕು.

ಮೂಲ ಯಾವುದು? ಮತ್ತೆ ನಾವು ಯಾವುದನ್ನ ಕೇಳಿ ಕಲೀಬೇಕು?

ರಾಗಿಮುದ್ದೆ_ರಾಕ್
ದೋಸೆ ಕೊಡಿಸಿ. ಗ್ಲಾಡಿಸ್ ನೈಟ್ ಅಂಡ್ ದ ಪಿಪ್ಸ್, 1967. ಮಾರ್ವಿನ್ ಗೇ, 1968. ಒಂದನೇ ಕ್ಲಾಸಿನ ಲೆಕ್ಕ.

ತಂತಿಬೇಲಿ
ಯಾರು ಮೊದಲು ಹಾಡಿದ್ರೇನು? ಕ್ರೀಡೆನ್ಸಿನ ಗಾಯಕ ಜಾನ್ ಫೋಗರ್ಟಿ ಹಾಡಿದ ಮೇಲೆ ಅದು ಫೋಗರ್ಟಿಯ ಹಾಡು. ನಿಮ್ಮ ಮಾವನೇ ಸರಿ.

ಸಂಪಿಗೆ
ರಾಗಿಮುದ್ದೆಯವರೇ, ಒಂದನೇ ಕ್ಲಾಸಿನ ಲೆಕ್ಕ ಇಲ್ಲಿ ನಡೆಯಲ್ಲ. ನೀವು ಹೇಳ್ತಿರೋದು ಬಿಡುಗಡೆಯಾದ ವರ್ಷ. ಹಾಡಿದ ಕ್ರಮ ಬೇರೆಯೇ ಇದೆ.

ಬರೆದವರು ನಾರ್ಮನ್ ವಿಟ್‌ಫೀಲ್ಡ್ ಮತ್ತು ಬ್ಯಾರೆಟ್ ಸ್ಟ್ರಾಂಗ್, ಇಬ್ಬರೂ ಡೆಟ್ರಾಯ್ಟಿನ ಮೋಟೌನ್ ರೆಕಾರ್ಡ್ ಕಂಪನಿಯಲ್ಲಿದ್ದವರು. 1966ರ ಆಗಸ್ಟಿನಲ್ಲಿ ಸ್ಮೋಕಿ ರಾಬಿನ್ಸನ್ ಅವರ ಮಿರಕಲ್ಸ್ ತಂಡದಿಂದ ಮೊದಲ ಸಲ ಹಾಡಿಸಿದರು. ಕಂಪನಿ ಅದನ್ನು ಬಿಡುಗಡೆ ಮಾಡಲಿಲ್ಲ. 1967ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಾರ್ವಿನ್ ಗೇ ಜೊತೆ ಮಾಡಿದರು. ಅದನ್ನೂ ಬಿಡಲಿಲ್ಲ. ಜೂನಿನಲ್ಲಿ ಗ್ಲಾಡಿಸ್ ನೈಟ್ ತಂಡದ ಜೊತೆ ಮೂರನೇ ಪ್ರಯತ್ನ. ಅದು ಸೆಪ್ಟೆಂಬರಿನಲ್ಲಿ ಹೊರಗೆ ಬಂತು. ಆರ್ ಅಂಡ್ ಬಿ (ಕಪ್ಪು ಜನರ ಸಂಗೀತದ) ಪಟ್ಟಿಯಲ್ಲಿ 6 ವಾರ ಮೊದಲ ಸ್ಥಾನ, ಪಾಪ್ ಪಟ್ಟಿಯಲ್ಲಿ 2ನೇ ಸ್ಥಾನ.

ಮಾರ್ವಿನ್ ಹಾಡಿದ್ದು ಒಂದೂವರೆ ವರ್ಷ ಡಬ್ಬದಲ್ಲೇ ಇತ್ತು. 1968ರ ಆಗಸ್ಟಿನಲ್ಲಿ ‘ಇನ್ ದ ಗ್ರೂವ್’ ಅನ್ನೋ ಆಲ್ಬಮ್‌ಗೆ ಅದನ್ನು ಸೇರಿಸಿದರು. ರೇಡಿಯೊದವರು ಆಲ್ಬಮ್‌ನಿಂದಲೇ ತೆಗೆದು ತೆಗೆದು ಹಾಕೋಕೆ ಶುರು ಮಾಡಿದ ಮೇಲೆ, ವಿಧಿಯಿಲ್ಲದೆ ಅಕ್ಟೋಬರ್ ಕೊನೆಗೆ ಸಿಂಗಲ್ (ಆ ಒಂದು ಹಾಡಿನದೇ ರೆಕಾರ್ಡು) ಬಿಟ್ಟರು. ಡಿಸೆಂಬರಿನಿಂದ 7 ವಾರ ಪಾಪ್ ಪಟ್ಟಿಯ ನೆತ್ತಿಯ ಮೇಲೆ ಕೂತಿತ್ತು. ಆಲ್ಬಮ್‌ಗೆ ಆಮೇಲೆ ಈ ಹಾಡಿನ ಹೆಸರನ್ನೇ ಇಟ್ಟರು.

ಅಂದ್ರೆ ಮಾರ್ವಿನ್ ಹಾಡಿದಾಗ ಗ್ಲಾಡಿಸ್ ಹಾಡು ಹುಟ್ಟೇ ಇರಲಿಲ್ಲ. ಇನ್ನೂ ಇಲ್ಲದ ಹಾಡನ್ನು ಕವರ್ ಮಾಡೋದು ಹೇಗೆ?

ರಾಗಿಮುದ್ದೆ_ರಾಕ್
ಜನ ಕೇಳಿದ್ದು ಯಾವುದನ್ನ ಮೊದಲು? ಗ್ಲಾಡಿಸ್‌ದು. ಡಬ್ಬದಲ್ಲಿ ಇಟ್ಟಿದ್ದಕ್ಕೆಲ್ಲ ಮೂಲ ಅನ್ನೋದಾದ್ರೆ ನನ್ನ ಕಾಲೇಜಿನ ನೋಟ್‌ಬುಕ್ಕಲ್ಲಿ ನಾಲ್ಕು ಕಾದಂಬರಿ ಇದಾವೆ.

ಹರಟೆಮಲ್ಲ
ಆ ನಾಲ್ಕನ್ನೂ ಡಬ್ಬದಲ್ಲೇ ಇಟ್ಟಿರಿ ಸ್ವಾಮಿ.

ಕುಡ್ಲದ_ಕಿವಿ
ಎಂತ ಮಾರಾಯ್ರೇ, ಎಲ್ಲ ವರ್ಷ ಎಣಿಸ್ತಾ ಕೂತಿದ್ದೀರಿ. ನನಗೊಂದು ಸಣ್ಣ ಡೌಟು ಉಂಟು. ದ್ರಾಕ್ಷಿ ಬಳ್ಳಿಯಲ್ಲಿ ಹಾಯ್ದು ಕೇಳಿದೆ ಅಂದ್ರೆ ಎಂತ ಅರ್ಥ? ಬಳ್ಳಿಗೆ ಎಂತ ಬಾಯಿ ಉಂಟಾ?

ಸಂಪಿಗೆ
ಗಾಳಿಸುದ್ದಿ. ಊರಬಾಯಿ. ಅಮೆರಿಕದಲ್ಲಿ ಟೆಲಿಗ್ರಾಫ್ ಬಂದಾಗ, ತಂತಿ ಇಲ್ಲದೆ ಬಾಯಿಂದ ಬಾಯಿಗೆ ಹೋಗೋ ಸುದ್ದಿಗೆ ತಮಾಷೆಗೆ ‘ದ್ರಾಕ್ಷಿಬಳ್ಳಿ ಟೆಲಿಗ್ರಾಫ್’ ಅಂದ್ರು. ಆದ್ರೆ ಕಪ್ಪು ಜನರ ಮಟ್ಟಿಗೆ ಅದು ಬರೀ ಹರಟೆಯಾಗಿರಲಿಲ್ಲ. ಗುಲಾಮರಾಗಿದ್ದವರಿಗೆ ಓದು ಬರಹ ಕಲಿಯೋದಕ್ಕೇ ಅಡ್ಡಿ ಇತ್ತು, ಯುದ್ಧದ ಸುದ್ದಿ, ಬಿಡುಗಡೆಯ ಸುದ್ದಿ ತೋಟದಿಂದ ತೋಟಕ್ಕೆ ಹೀಗೇ ಹೋಗ್ತಿತ್ತು. ಬೂಕರ್ ಟಿ. ವಾಷಿಂಗ್ಟನ್ 1901ರ ಆತ್ಮಕಥೆಯಲ್ಲಿ ಇದೇ ಪದ ಬಳಸಿದ್ದಾರೆ.

ಬ್ಯಾರೆಟ್ ಸ್ಟ್ರಾಂಗ್ ಷಿಕಾಗೊದಲ್ಲಿದ್ದಾಗ ಜನ ಮಾತು ಮಾತಿಗೂ ಇದನ್ನ ಹೇಳ್ತಿದ್ದರಂತೆ. ಅರೆ, ಇದರ ಮೇಲೆ ಯಾರೂ ಹಾಡು ಬರೆದಿಲ್ಲವಲ್ಲ ಅನ್ನಿಸಿತು. ಹುಡುಗಿ ತನ್ನನ್ನ ಬಿಟ್ಟು ಹಳೇ ಪ್ರಿಯಕರನ ಹತ್ತಿರ ಹೋಗ್ತಾಳೆ ಅನ್ನೋದು ಹುಡುಗನಿಗೆ ಅವಳ ಬಾಯಿಂದ ಗೊತ್ತಾಗಲ್ಲ, ಊರವರ ಬಾಯಿಂದ ಗೊತ್ತಾಗುತ್ತೆ. ಇಡೀ ಹಾಡು ಅಷ್ಟೇ.

ಕುಡ್ಲದ_ಕಿವಿ
ಓ ಹಾಗಾ. ನಮ್ಮಲ್ಲಿ ಮೀನು ಮಾರ್ಕೆಟಿಗೆ ಒಮ್ಮೆ ಹೋಗಿ ಬಂದ್ರೆ ಸಾಕು, ಬಳ್ಳಿ ಗಿಳ್ಳಿ ಬೇಡ.

ಬೇಸ್_ಬಸು
ಅಲ್ರೀ, ಯಾರು ಹಾಡಿದ್ರು ಯಾರು ಹಾಡಿದ್ರು ಅಂತ ಬಡದಾಡಾಕತ್ತೀರಲ್ಲ, ಬೇಸ್ ಗಿಟಾರು ಯಾರು ನುಡಿಸ್ಯಾರ ಅಂತ ಒಬ್ರಾದ್ರೂ ಕೇಳೀರೇನು?

ಮೋಟೌನ್‌ನ್ಯಾಗ ಒಂದ ಮನೀ ಬ್ಯಾಂಡ್ ಇತ್ತು, ಫಂಕ್ ಬ್ರದರ್ಸ್ ಅಂತ. ಮಿರಕಲ್ಸ್ ಬರಲಿ, ಮಾರ್ವಿನ್ ಬರಲಿ, ಗ್ಲಾಡಿಸ್ ಬರಲಿ, ಹಿಂದ ಕುಂತಾವರು ಅದ ಮಂದಿ. ಊಟಕ್ಕ ಬರಾವರು ಬ್ಯಾರೆ ಬ್ಯಾರೆ, ಅಡಗಿ ಮನಿ ಒಂದ. ಅದರಾಗ ಬೇಸ್ ನುಡಿಸಾವ ಜೇಮ್ಸ್ ಜೇಮರ್ಸನ್. ಬಲಗೈ ತೋರಬೆರಳು ಒಂದ ಬಳಸ್ತಿದ್ದ, ಅದಕ್ಕ ‘ಕೊಕ್ಕಿ’ ಅಂತ ಹೆಸರಿಟ್ಟಿದ್ರು. ನಾನು ಎರಡು ಬೆರಳು ಹಾಕಿ ಹತ್ತು ವರ್ಷ ತಿಕ್ಕೀನ್ರಿ, ಆ ಒಂದು ಬೆರಳಿನ ನಡಗಿ ಇನ್ನೂ ಬಂದಿಲ್ಲ.

ಇವರ ಹೆಸರು ರೆಕಾರ್ಡ್ ಕವರ್ ಮ್ಯಾಲೆ ಹಾಕ್ತಿರಲೇ ಇಲ್ಲ. 1971ರಾಗ ಮಾರ್ವಿನ್ ಗೇ ‘ವಾಟ್ಸ್ ಗೋಯಿಂಗ್ ಆನ್’ ಮಾಡಿದಾಗ ಮೊದಲ ಸಲ ಬಂತು. ಅಲ್ಲೀತನಕ ಅಮೆರಿಕಾ ತುಂಬ ಅವರ ಬೇಸಿಗೆ ಕುಣಿದ ಮಂದಿಗೆ ಅವ ಯಾರಂತ ಗೊತ್ತಿರಲಿಲ್ಲ. 1983ರಾಗ ಜೇಮರ್ಸನ್ ತೀರಿಕೊಂಡ ಪಾಪ.

ನನ್ನ ಕೇಳಿದ್ರ ಮೂಲ ಅಂದ್ರ ಆ ಬೇಸ್.

ತಂತಿಬೇಲಿ
ಬೇಸ್ ನುಡಿಸೋರಿಗೆ ಎಲ್ಲಾ ಹಾಡೂ ಬೇಸಿನ ಹಾಡೇ.

ಬೇಸ್_ಬಸು
ಹೌದು. ತಪ್ಪೇನೈತಿ?

ಡೆಟ್ರಾಯ್ಟಿನಿಂದ
ನಾನು ಇರೋದು ಇಲ್ಲೇ ಪಕ್ಕದಲ್ಲಿ, ಕಾರ್ ಕಂಪನಿ ಕೆಲಸ. ಊರಿಂದ ಯಾರು ಬಂದರೂ ಎರಡು ಜಾಗಕ್ಕೆ ಕರ್ಕೊಂಡು ಹೋಗ್ತೀನಿ, ಅದರಲ್ಲಿ ಒಂದು ಮೋಟೌನ್ ಮ್ಯೂಸಿಯಂ. ವೆಸ್ಟ್ ಗ್ರಾಂಡ್ ಬುಲೆವಾರ್ಡ್, 2648. ನೋಡಿದರೆ ಮಾಮೂಲಿ ಮನೆ. ನಮ್ಮ ಅತ್ತೆ ಬಂದಾಗ ‘ಇದೇನಪ್ಪ, ಯಾರ ಮನೆಗೆ ಕರ್ಕೊಂಡು ಬಂದೆ, ಕೈಯಲ್ಲಿ ಹಣ್ಣೂ ಇಲ್ಲ’ ಅಂದಿದ್ದರು. ಮನೆ ಮುಂದೆ ‘ಹಿಟ್ಸ್‌ವಿಲ್ ಯು.ಎಸ್.ಎ.’ ಅಂತ ದೊಡ್ಡದಾಗಿ ಬರೆದಿದೆ, ಅದೊಂದೇ ಗುರುತು.

ಸ್ಟುಡಿಯೊ ಎ ಎಷ್ಟು ಚಿಕ್ಕದು ಅಂದ್ರೆ ನಿಮ್ಮ ಐದು ಜನರ ಬ್ಯಾಂಡ್ ಮತ್ತು ಅವರ ಬ್ಯಾಗು ತುಂಬಿದರೆ ಮುಗೀತು. ಕೇಬಲ್ಲು ಎಲ್ಲ ಮೇಲಿಂದ ನೇತಾಡ್ತಿತ್ತು ಅಂತ ಅದಕ್ಕೆ ‘ಹಾವಿನ ಗುಂಡಿ’ ಅಂತ ಅಡ್ಡಹೆಸರು. ಪ್ರತಿಧ್ವನಿ ಬೇಕು ಅಂದ್ರೆ ಮಷಿನ್ ಇರಲಿಲ್ಲ, ಅಟ್ಟಕ್ಕೆ ತೂತು ಕೊರೆದಿದ್ದರು. ಈಗಲೂ ಗೈಡು ಅದರ ಕೆಳಗೆ ನಿಲ್ಲಿಸಿ ಚಪ್ಪಾಳೆ ತಟ್ಟಿಸ್ತಾರೆ.

ಮಾರ್ವಿನ್ ಹಾಡನ್ನು ತಡೆದಿದ್ದು ಯಾರು ಅಂತ ಯಾರೂ ಹೇಳಲಿಲ್ಲ. ಕಂಪನಿ ಮಾಲೀಕ ಬೆರ್ರಿ ಗೋರ್ಡಿ. ಅವರು ಮೊದಲು ಇಲ್ಲೇ ಲಿಂಕನ್-ಮರ್ಕ್ಯುರಿ ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ಇದ್ದವರು, 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ತಗೊಂಡು ಕಂಪನಿ ತೆಗೆದರು. ಕಾರ್ಖಾನೆಯ ಬುದ್ಧಿಯನ್ನು ಹಾಡಿಗೂ ತಂದರು. ಒಂದು ಕಡೆಯಿಂದ ಹಾಡು ಬರೆಯೋರು, ಇನ್ನೊಂದು ಕಡೆ ನುಡಿಸೋರು, ಹಾಡೋರು, ಕೊನೆಗೆ ಕ್ವಾಲಿಟಿ ಕಂಟ್ರೋಲ್ ಮೀಟಿಂಗು. ಅಲ್ಲಿ ಪಾಸಾದರೆ ಮಾತ್ರ ರೆಕಾರ್ಡು. ಗೋರ್ಡಿ ಕೇಳ್ತಿದ್ದ ಪ್ರಶ್ನೆ ಫೇಮಸ್ಸು: ಜೇಬಿನಲ್ಲಿ ಕೊನೇ ಡಾಲರ್ ಇದ್ದರೆ ಈ ರೆಕಾರ್ಡ್ ತಗೋತೀಯಾ, ಸ್ಯಾಂಡ್‌ವಿಚ್ ತಗೋತೀಯಾ?

ಆ ಮೀಟಿಂಗಿನಲ್ಲಿ ಮಾರ್ವಿನ್ ಹಾಡಿದ ಗ್ರೇಪ್‌ವೈನ್ ಬಿದ್ದುಹೋಯಿತು. ಅದರ ಬದಲು ‘ಯುವರ್ ಅನ್‌ಚೇಂಜಿಂಗ್ ಲವ್’ ಅನ್ನೋದನ್ನ ಸಿಂಗಲ್ ಆಗಿ ಬಿಟ್ಟರು. ಅದು ಇವತ್ತು ಯಾರಿಗೆ ಬಾಯಿಗೆ ಬರುತ್ತೆ ಹೇಳಿ?

ಕ್ಯಾಸೆಟ್_ಮಗ
ನಮ್ಮ ಕಂಪನಿಯ ಕ್ವಾಲಿಟಿ ಮೀಟಿಂಗೂ ಹಿಂಗೇ. ಒಳ್ಳೇದೆಲ್ಲ ಅಲ್ಲೇ ಬೀಳೋದು.

ಆದ್ರೆ ಸಂಪಿಗೆ ಮೇಡಂ, ನೀವು ಹೇಳಿದ ಪ್ರಕಾರ ನಾನು ಗೆದ್ದೆನಾ ಸೋತೆನಾ?

ಸಂಪಿಗೆ
ಇನ್ನೂ ಗೊತ್ತಿಲ್ಲ. ತಿಂಡಿ ಮಾಡ್ಕೊಂಡೇ ಹೋಗಿ.

ರಾಗಿಮುದ್ದೆ_ರಾಕ್
ಗೋರ್ಡಿಯನ್ನ ಎಲ್ಲರೂ ಬೈತಾರೆ, ನಾನು ಬೈಯಲ್ಲ. 1967ರಲ್ಲಿ ಆ ಮಾರ್ವಿನ್ ಹಾಡನ್ನ ಬಿಟ್ಟಿದ್ದರೆ ಗೆಲ್ತಿತ್ತು ಅನ್ನೋ ಗ್ಯಾರಂಟಿ ಏನು? ಆಗ ಎಲ್ಲರ ಕಿವಿಯಲ್ಲೂ ಇದ್ದದ್ದು ಅರೀಥಾ ಫ್ರಾಂಕ್ಲಿನ್ ಅವರ ‘ರೆಸ್ಪೆಕ್ಟ್’. ಅದೂ ಕವರ್ರೇ, ಮೂಲ ಓಟಿಸ್ ರೆಡ್ಡಿಂಗ್, 1965. ವಿಟ್‌ಫೀಲ್ಡ್ ಅದನ್ನ ಕೇಳಿ, ಅದನ್ನ ಮೀರಿಸೋ ತರಹ ಮಾಡ್ತೀನಿ ಅಂತಲೇ ಗ್ಲಾಡಿಸ್ ಹತ್ತಿರ ಹೋಗಿದ್ದು. ಗ್ಲಾಡಿಸ್ ತಂಡ ಸುಮ್ಮನೆ ಬಂದು ಹಾಡಿ ಹೋಗಲಿಲ್ಲ. ಅಣ್ಣ ಮತ್ತು ಇಬ್ಬರು ಕಸಿನ್ನುಗಳೇ ಪಿಪ್ಸ್. ವಾರಗಟ್ಟಲೆ ಕೂತು ತಮ್ಮ ದನಿಗೆ ತಕ್ಕ ಹಾಗೆ ಕಟ್ಟಿಕೊಂಡರು. ಆ ಹೊತ್ತಿಗೆ ಮೋಟೌನ್‌ನ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಅದೇ ಆಯ್ತು.

ಆಮೇಲೆ ಏನಾಯ್ತು? ಒಂದು ವರ್ಷಕ್ಕೆ ಅದೇ ಕಂಪನಿ, ಅದೇ ಹಾಡು, ಇನ್ನೊಬ್ಬರ ದನಿಯಲ್ಲಿ ಬಿಟ್ಟು ಇವರನ್ನ ಮರೆಸಿಬಿಟ್ಟಿತು. ಗ್ಲಾಡಿಸ್‌ಗೆ ಬೇಜಾರಾದದ್ದರಲ್ಲಿ ಆಶ್ಚರ್ಯ ಇಲ್ಲ. ನನ್ನ ಪಕ್ಷಪಾತ ಅಲ್ಲಿಂದಲೇ ಬಂದದ್ದು, ಒಪ್ಕೋತೀನಿ.

ಹೊಸಬಳು_22
ನಮಸ್ತೆ, ಮೊದಲ ಸಲ ಬರೀತಿದ್ದೀನಿ. ಈ ಚರ್ಚೆ ಓದೋವರೆಗೂ ಈ ಹಾಡು ಕೇಳಿರಲಿಲ್ಲ. ನಿನ್ನೆ ರಾತ್ರಿ ಮೂರನ್ನೂ ಹೆಡ್‌ಫೋನ್ ಹಾಕ್ಕೊಂಡು ಒಂದರ ಹಿಂದೆ ಒಂದು ಕೇಳಿದೆ.

ಗ್ಲಾಡಿಸ್ ಜಗಳಕ್ಕೇ ಬಂದಿದ್ದಾರೆ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತ ಹಾಗೆ. ಹಿಂದಿನವರು ‘ಹೌದು ಹೌದು, ಕೇಳು ಕೇಳು’ ಅಂತ ಸಾಥ್ ಕೊಡ್ತಾರೆ, ಪಿಯಾನೊ, ತಾಂಬೂರಿನ್ ಎಲ್ಲ ಚರ್ಚಿನಲ್ಲಿ ಹಾಡೋ ಹಾಗೆ. ಅವರಿಗೆ ಸುದ್ದಿ ನಿಜ ಅಂತ ಆಗಲೇ ಗೊತ್ತು.

ಮಾರ್ವಿನ್‌ಗೆ ಗೊತ್ತಿಲ್ಲ. ಅದೇ ವ್ಯತ್ಯಾಸ. ಶುರುವಿನ ಆ ಎಲೆಕ್ಟ್ರಿಕ್ ಪಿಯಾನೊ, ಕತ್ತಲೆ ಮನೇಲಿ ಯಾರೋ ನಡೆದಾಡಿದ ಹಾಗೆ. ಪಿಟೀಲುಗಳು ಬೇರೆ. ಮನುಷ್ಯ ಸುದ್ದಿ ಕೇಳಿದ್ದಾನೆ, ಸುಳ್ಳಾಗಲಿ ಅಂತ ಇನ್ನೂ ಕಾಯ್ತಿದ್ದಾನೆ. ಗಂಡಸು ಅಳಬಾರದಂತೆ ಅನ್ನೋ ಸಾಲು ಬರುತ್ತಲ್ಲ, ಅಲ್ಲಿ ದನಿ ಒಡೆಯುವ ಹತ್ತಿರ ಹೋಗಿ ವಾಪಸ್ ಬರುತ್ತೆ. ಎರಡು ಸಲ ಹಿಂದಕ್ಕೆ ಹಾಕಿ ಕೇಳಿದೆ.

ಫೋಗರ್ಟಿಯವರು ಬಸ್ ಸ್ಟ್ಯಾಂಡಲ್ಲಿ ನಿಂತು ಕಂಡವರಿಗೆಲ್ಲ ಕಥೆ ಹೇಳ್ತಿದ್ದಾರೆ. ಬಸ್ಸೂ ಬರಲ್ಲ, ಕಥೆಯೂ ಮುಗಿಯಲ್ಲ. (ತಂತಿಬೇಲಿಯವರು ಕ್ಷಮಿಸಬೇಕು.)

ತಂತಿಬೇಲಿ
ಕ್ಷಮಿಸಲ್ಲ. ಆದ್ರೆ ಚೆನ್ನಾಗಿ ಬರೆದಿದ್ದೀರಿ.

ಡೆಟ್ರಾಯ್ಟಿನಿಂದ
ದನಿ ಒಡೆಯೋ ಹತ್ತಿರ ಹೋಗುತ್ತೆ ಅಂದಿರಲ್ಲ, ಅದು ತಾನಾಗಿ ಆದದ್ದಲ್ಲ, ಮಾಡಿಸಿದ್ದು. ವಿಟ್‌ಫೀಲ್ಡ್ ಬೇಕಂತಲೇ ಮಾರ್ವಿನ್‌ನ ಸಹಜ ಶ್ರುತಿಗಿಂತ ಮೇಲೆ ಇಟ್ಟಿದ್ದರು. ಇದೇ ಉಪಾಯವನ್ನ ಟೆಂಪ್ಟೇಷನ್ಸ್ ತಂಡದ ಡೇವಿಡ್ ರಫಿನ್ ಮೇಲೆ ಆಗಲೇ ಪ್ರಯೋಗ ಮಾಡಿ ಗೆದ್ದಿದ್ದರು. ಸ್ಟುಡಿಯೊದಲ್ಲಿ ಇಬ್ಬರಿಗೂ ಜಗಳ ಆಯಿತು. ಕೊನೆಗೆ ವಿಟ್‌ಫೀಲ್ಡ್ ಹೇಳಿದ ಶ್ರುತಿಯಲ್ಲೇ ಹಾಡಿದರು. ಹಿಂದೆ ಹಾಡಿರೋದು ಆಂಡಾಂಟಿಸ್ ಅನ್ನೋ ಮೂವರು ಹೆಣ್ಣುಮಕ್ಕಳು, ಪಿಟೀಲುಗಳು ಡೆಟ್ರಾಯ್ಟ್ ಸಿಂಫನಿಯವರದು.

ಆ ಹಾಡು ಮೇಲಕ್ಕೆ ಹೋಗ್ತಿದ್ದಾಗ ಮಾರ್ವಿನ್ ಸ್ಥಿತಿ ಚೆನ್ನಾಗಿರಲಿಲ್ಲ. ಜೋಡಿಯಾಗಿ ಹಾಡ್ತಿದ್ದ ಟ್ಯಾಮಿ ಟೆರೆಲ್ 1967ರ ಅಕ್ಟೋಬರಿನಲ್ಲಿ ವೇದಿಕೆ ಮೇಲೆ ಅವರ ತೋಳಿನಲ್ಲೇ ಕುಸಿದಿದ್ದರು. ಮೆದುಳಿನ ಗೆಡ್ಡೆ. 1970ರ ಮಾರ್ಚಿನಲ್ಲಿ ತೀರಿಕೊಂಡರು, 24 ವರ್ಷ. ಜೀವನದ ಅತಿ ದೊಡ್ಡ ಹಿಟ್ ಬಂದಾಗ ಅದನ್ನ ಅನುಭವಿಸೋ ಮನಸ್ಸೇ ಅವರಿಗೆ ಇರಲಿಲ್ಲ.

ಧಾರೆ_ತಾಳ
ನನಗೆ ಈ ಮೂಲ, ಕವರ್ ಅನ್ನೋ ವಿಚಾರವೇ ವಿಚಿತ್ರ ಅನ್ನಿಸುತ್ತೆ. ‘ಭಾಗ್ಯದ ಲಕ್ಷ್ಮೀ ಬಾರಮ್ಮಾ’ವನ್ನ ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ್ದಾರೆ, ಭೀಮಸೇನ ಜೋಶಿ ಹಾಡಿದ್ದಾರೆ, ನಮ್ಮ ಅಜ್ಜಿ ಶುಕ್ರವಾರ ದೀಪ ಹಚ್ಚುವಾಗ ಹಾಡ್ತಿದ್ದರು. ಅಜ್ಜಿಯನ್ನ ನಿಲ್ಲಿಸಿ ‘ನಿಮ್ಮದು ಯಾರ ಕವರ್’ ಅಂತ ಕೇಳೋಕಾಗುತ್ತಾ?

ರಾಗಿಮುದ್ದೆ_ರಾಕ್
ಪುರಂದರದಾಸರಿಗೆ ರಾಯಲ್ಟಿ ಚೆಕ್ ಹೋಗಲ್ಲ ಸ್ವಾಮಿ. ಇಲ್ಲಿ ಹೋಗುತ್ತೆ. ಮೂಲ ಯಾರದು ಅನ್ನೋ ಪ್ರಶ್ನೆ ಅದಕ್ಕೇ ಅಷ್ಟು ಬಿಸಿ.

ಧಾರೆ_ತಾಳ
ಆದ್ರೆ ಆ ಚೆಕ್ ಹಾಡಿದವರಿಗೆ ಹೋಗೋದೇ ಇಲ್ಲವಲ್ಲ. ಅಮೆರಿಕದಲ್ಲಿ ಮಾಮೂಲಿ ರೇಡಿಯೊದಲ್ಲಿ ಹಾಡು ಬಂದರೆ ಬರೆದವರಿಗೆ, ಪ್ರಕಾಶಕರಿಗೆ ಮಾತ್ರ ದುಡ್ಡು. ಹಾಡಿದವರಿಗೆ ಬಿಡಿಗಾಸಿಲ್ಲ. ಅಂದ್ರೆ ಮಾರ್ವಿನ್‌ದು ಹಾಕಿದರೂ, ಗ್ಲಾಡಿಸ್‌ದು ಹಾಕಿದರೂ, ತಂತಿಬೇಲಿಯವರ 11 ನಿಮಿಷ ಹಾಕಿದರೂ ರೇಡಿಯೊ ದುಡ್ಡು ಹೋಗೋದು ವಿಟ್‌ಫೀಲ್ಡ್, ಸ್ಟ್ರಾಂಗ್ ಮತ್ತು ಹಾಡಿನ ಹಕ್ಕು ಇಟ್ಟುಕೊಂಡ ಕಂಪನಿಗೆ. ಹಾಗಿದ್ದ ಮೇಲೆ ಹಾಡಿದವರಲ್ಲಿ ಯಾರು ಮೊದಲು ಅನ್ನೋದು ದುಡ್ಡಿನ ಪ್ರಶ್ನೆಯೂ ಅಲ್ಲ!

ಸಂಪಿಗೆ
ಈ ಮಾತು ಸರಿ. ಆ ಪ್ರಕಾಶನ ಸಂಸ್ಥೆ ಜೋಬೆಟಿ, ಆಗ ಗೋರ್ಡಿಯವರದೇ ಆಗಿತ್ತು. ಮೂವರು ಮಕ್ಕಳ ಹೆಸರಿನ ತುಂಡು ಜೋಡಿಸಿ ಇಟ್ಟ ಹೆಸರು. ಮೋಟೌನ್‌ನಲ್ಲಿ ಒಂದೇ ಹಾಡನ್ನ ಎಲ್ಲರ ಕೈಲೂ ಹಾಡಿಸುತ್ತಿದ್ದುದಕ್ಕೆ ಇದೂ ಕಾರಣ. ಮನೆಯ ಹಾಡು ಮನೆಯವರೇ ಹಾಡಿದರೆ ಎರಡು ಕಡೆಯಿಂದ ದುಡ್ಡು. ಗ್ರೇಪ್‌ವೈನನ್ನ ಟೆಂಪ್ಟೇಷನ್ಸ್ ಕೂಡ 1969ರಲ್ಲಿ ಹಾಡಿದರು. ‘ವಾರ್’ ಹಾಡನ್ನ ಮೊದಲು ಟೆಂಪ್ಟೇಷನ್ಸ್ ಆಲ್ಬಮ್‌ಗೆ ಹಾಡಿದ್ದು, ಅದೇ 1970ರಲ್ಲಿ ಎಡ್ವಿನ್ ಸ್ಟಾರ್ ಹಾಡಿ ಮೊದಲ ಸ್ಥಾನಕ್ಕೆ ತಗೊಂಡು ಹೋದರು. ಎರಡೂ ವಿಟ್‌ಫೀಲ್ಡ್-ಸ್ಟ್ರಾಂಗ್ ಹಾಡುಗಳೇ. ಈ ಮನುಷ್ಯ ವಿಟ್‌ಫೀಲ್ಡ್‌ಗೆ ಒಂದು ಹಾಡನ್ನ ಒಂದೇ ಸಲ ಮಾಡಿ ಬಿಡೋಕೆ ಬರ್ತಾನೇ ಇರಲಿಲ್ಲ.

ಬರೆದವರಿಗೆ ದುಡ್ಡು ಸಿಕ್ಕೇ ಸಿಗುತ್ತೆ ಅಂತಲೂ ಅಂದ್ಕೋಬೇಡಿ. ಮೋಟೌನ್‌ನ ಮೊಟ್ಟಮೊದಲ ಹಿಟ್ 1959ರ ‘ಮನಿ’, ಹಾಡಿದವರು ಇದೇ ಬ್ಯಾರೆಟ್ ಸ್ಟ್ರಾಂಗ್. 1963ರಲ್ಲಿ ಬೀಟಲ್ಸ್ ಅದನ್ನ ಹಾಡಿದರು. ಅದರ ಹಕ್ಕುಪತ್ರದಲ್ಲಿ ಮೊದಲು ಸ್ಟ್ರಾಂಗ್ ಹೆಸರು ಇತ್ತು, ಮೂರು ವರ್ಷ ಕಳೆದ ಮೇಲೆ ತೆಗೆದುಹಾಕಿದರು. 1987ರಲ್ಲಿ ಮತ್ತೆ ಸೇರಿತು, ಮರುವರ್ಷ ಮತ್ತೆ ಹೋಯಿತು. ಮೊದಲು ಹೆಸರು ಸೇರಿದ್ದೇ ಗುಮಾಸ್ತರ ತಪ್ಪು ಅಂತ ಗೋರ್ಡಿ ಕಡೆಯವರ ವಾದ, ನಾನೂ ಬರೆದಿದ್ದೇನೆ ಅಂತ ಸ್ಟ್ರಾಂಗ್ ವಾದ. 2023ರಲ್ಲಿ ಅವರು ತೀರಿಕೊಂಡರು. ಹಾಡಿನ ಹೆಸರೇ ‘ದುಡ್ಡು’ ನೋಡಿ.

ಹರಟೆಮಲ್ಲ
ದುಡ್ಡಿನ ಮಾತು ಬಂತು ಅಂತ ನೆನಪಾಯ್ತು. ಈ ದ್ರಾಕ್ಷಿ ಬಳ್ಳಿ ಕೊನೆಗೆ ಒಣದ್ರಾಕ್ಷಿ ಬಿಟ್ಟಿದ್ದು ಗೊತ್ತಾ? 1986ರಲ್ಲಿ ಕ್ಯಾಲಿಫೋರ್ನಿಯಾದ ಒಣದ್ರಾಕ್ಷಿ ಬೆಳೆಗಾರರು ಟಿ.ವಿ. ಜಾಹೀರಾತು ಮಾಡಿಸಿದರು. ಜೇಡಿಮಣ್ಣಿನ ಒಣದ್ರಾಕ್ಷಿ ಗೊಂಬೆಗಳು ಸಾಲಾಗಿ ಕುಣೀತಾ ಇದೇ ಹಾಡು ಹಾಡ್ತವೆ. ದನಿ ಕೊಟ್ಟವರು ಬಡ್ಡಿ ಮೈಲ್ಸ್, ಹಿಂದೆ ಜಿಮಿ ಹೆಂಡ್ರಿಕ್ಸ್ ಜೊತೆ ಡ್ರಮ್ಸ್ ನುಡಿಸಿದವರು! ಆ ಗೊಂಬೆಗಳು ಎಷ್ಟು ಹಿಟ್ ಆದವು ಅಂದ್ರೆ ಆಲ್ಬಮ್ಮುಗಳೇ ಬಂದವು. ನಮ್ಮ ವಿಜಯಪುರದ ದ್ರಾಕ್ಷಿಗೆ ಇಂಥ ಯೋಗ ಯಾವಾಗ?

ಬೇಸ್_ಬಸು
ನಮ್ಮ ಕಡೀ ಮಣೂಕಕ್ಕ ಹಾಡು ಬ್ಯಾಡ್ರಿ, ರೇಟ್ ಬಂದ್ರ ಸಾಕು.

ಕುಡ್ಲದ_ಕಿವಿ
ಒಣದ್ರಾಕ್ಷಿ ಹಾಡಿದ್ದನ್ನೂ ನೋಡಿದೆ ಈಗ. ನಮ್ಮ ಚಿಕ್ಕ ಮಗಳು ಹತ್ತು ಸಲ ಹಾಕಿಸಿದ್ಲು. ಅವಳಿಗೆ ಮೂಲ ಅದೇ!

ಬೀದಿ_ರಾಗ
ಯಾರೂ ಸ್ಲಿಟ್ಸ್ ಹೆಸರು ಎತ್ತಲಿಲ್ಲವಲ್ಲ. 1979, ಲಂಡನ್ನಿನ ಹುಡುಗಿಯರ ಪಂಕ್ ತಂಡ. ಅರ್ಧ ರೆಗ್ಗೆ, ಅರ್ಧ ಕಿರುಚಾಟ, ಬಾಯಲ್ಲೇ ಬೇಸ್ ಗುನುಗೋದು. ಕವರ್ ಅಂದ್ರೆ ಹಾಗಿರಬೇಕು, ಹಾಡನ್ನ ಕೆಡವಿ ಇನ್ನೊಂದು ಸಲ ಕಟ್ಟಬೇಕು. ರೋಜರ್ ಟ್ರೌಟ್‌ಮನ್ 1981ರಲ್ಲಿ ಮಾಡಿದ್ದೂ ಕೇಳಿ. ಬಾಯಿಗೆ ಕೊಳವೆ ಇಟ್ಟುಕೊಂಡು ಟಾಕ್ ಬಾಕ್ಸಿನಲ್ಲಿ ಹಾಡಿದ್ದು, ರೋಬೋ ಹೃದಯ ಒಡೆದುಕೊಂಡ ಹಾಗಿದೆ. ಅದೂ ಆರ್ ಅಂಡ್ ಬಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಹಂಗಾದ್ರೆ ಒಂದೇ ಹಾಡು, ಗ್ಲಾಡಿಸ್, ಮಾರ್ವಿನ್, ರೋಜರ್, ಮೂರು ಸಲ ಅದೇ ಪಟ್ಟಿಯ ತುದಿಗೆ!

ರಾಗಿಮುದ್ದೆ_ರಾಕ್
ಸ್ಲಿಟ್ಸ್ ಕೇಳಿದೆ. ಮದುವೆ ಮನೆ ಅಡುಗೆಕೋಣೆಯಲ್ಲಿ ಪಾತ್ರೆ ಗೋಪುರ ಬಿದ್ದ ಹಾಗಿದೆ.

ಬೀದಿ_ರಾಗ
ತಾಳದಲ್ಲಿ ಬಿದ್ದಿದೆ ನೋಡಿ, ಅದೇ ಕಷ್ಟದ ಕೆಲಸ.

ಲೂಸಿಯಾನಾ_ಲೋಕೇಶ
ಮೋಟೌನ್ ಎಲ್ಲ ಪಾಲಿಶ್ ಹೊಡೆದ ಸಂಗೀತ. ಸಿ.ಸಿ.ಆರ್. (ಕ್ರೀಡೆನ್ಸ್) ತಂಡದವರು ಲೂಸಿಯಾನಾದ ಕೆಸರಿನಲ್ಲಿ ಬೆಳೆದವರು, ಅದಕ್ಕೇ ಅವರ ಗ್ರೇಪ್‌ವೈನ್‌ನಲ್ಲಿ ಮಣ್ಣಿನ ವಾಸನೆ ಇದೆ.

ತಂತಿಬೇಲಿ
ಅಯ್ಯೋ, ನನ್ನ ಪಕ್ಷದವರೇ ನನ್ನನ್ನ ಮುಳುಗಿಸ್ತಿದ್ದೀರಿ. ಅವರು ಲೂಸಿಯಾನಾದವರಲ್ಲ ಕಣ್ರೀ, ಕ್ಯಾಲಿಫೋರ್ನಿಯಾದ ಎಲ್ ಸೆರಿಟೊ ಊರಿನವರು. ಸ್ಯಾನ್ ಫ್ರಾನ್ಸಿಸ್ಕೊ ಪಕ್ಕ. ಕೆಸರು, ಜೌಗು ಎಲ್ಲ ಫೋಗರ್ಟಿ ಗಂಟಲಲ್ಲಿ ಮಾಡಿಕೊಂಡದ್ದು. ಗ್ರೇಪ್‌ವೈನ್ ಇರೋದು 1970ರ ‘ಕಾಸ್ಮೋಸ್ ಫ್ಯಾಕ್ಟರಿ’ ಆಲ್ಬಮ್‌ನಲ್ಲಿ. ಸಿಂಗಲ್ಲಾಗಿ ಬಂದದ್ದು 1976ರಲ್ಲಿ, ಕತ್ತರಿಸಿ ಮೋಟು ಮಾಡಿ. ಆ ಹೊತ್ತಿಗೆ ತಂಡವೇ ಒಡೆದು ನಾಲ್ಕು ವರ್ಷ ಆಗಿತ್ತು.

ನಾನು ಯಾಕೆ ಅದನ್ನ ಇಷ್ಟಪಡ್ತೀನಿ ಅಂದ್ರೆ, ಅವರು ಮಾರ್ವಿನ್‌ನ ದಾರಿ ಹಿಡಿದು ಹೊರಟು, ಹಾಡು ಮುಗಿದ ಮೇಲೂ ನಿಲ್ಲಲಿಲ್ಲ. ಗಾಳಿಸುದ್ದಿ ಕೇಳಿದವನ ತಲೆಯಲ್ಲಿ ಅದು ಸುತ್ತುತ್ತಲೇ ಇರುತ್ತೆ ತಾನೇ? ಆ ಗಿಟಾರು ಸುತ್ತೋದು ಅದೇ. ಹೊಸಬಳು ಅವರೇ, ಬಸ್ಸು ಬರದೇ ಇರೋದೇ ಅದರ ಸೊಗಸು.

ಹೊಸಬಳು_22
ಸರಿ ಸರ್. ಈ ವಾರ ಇನ್ನೊಂದು ಸಲ ಕೇಳ್ತೀನಿ. ಪೂರ್ತಿ.

ಹರಟೆಮಲ್ಲ
ಹಿಂಗೆ ನೋಡಿದ್ರೆ ಎಲ್ವಿಸ್ ಪ್ರೆಸ್ಲಿ ಹಾಡಿದ್ದೆಲ್ಲಾ ಕದ್ದಿದ್ದೇ ಅಲ್ವಾ?

ನಿರ್ವಾಹಕ
ಎಲ್ವಿಸ್ ವಿಷಯಕ್ಕೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ 300 ಉತ್ತರ, ಮೂರು ಜನರ ಅಮಾನತು. ದಯವಿಟ್ಟು ಅದನ್ನ ಇಲ್ಲಿಗೆ ತರಬೇಡಿ.

ಬೇಸ್_ಬಸು
ಕ್ಯಾಸೆಟ್ ಮಗಾ, ಯಾವುದು ಕಲೀಬೇಕು ಅಂತ ಕೇಳಿದ್ದಿಲ್ಲೋ, ಅದಕ್ಕ ಒಬ್ರೂ ಉತ್ತರ ಕೊಡಲಿಲ್ಲ. ನಾ ಹೇಳ್ತೀನಿ ಕೇಳು.

ಮಾರ್ವಿನ್‌ದು ಇ ಫ್ಲಾಟ್ ಮೈನರ್ ಶ್ರುತಿ. ಗಿಟಾರಿನವರಿಗೆ ಕಿರಿಕಿರಿ. ಸಿ.ಸಿ.ಆರ್. ಡಿ ಮೈನರ್‌ನ್ಯಾಗ ಅದ, ಕೈಗೆ ಹಗರ. ಹಂಗಂತ ಅದನ್ನ ತಗೊಂಡ್ರ ನಿಮ್ಮ ಗಿಟಾರಿನಾಂವ 11 ನಿಮಿಷ ಮಂದೀನ ಹಿಡದು ಕೂಡಿಸಬೇಕು. ಆಫೀಸ್ ಫಂಕ್ಷನ್‌ನ್ಯಾಗ ಎರಡನೇ ನಿಮಿಷಕ್ಕ ಮಂದಿ ಗೋಬಿ ಮಂಚೂರಿ ಕಡೆ ಎದ್ದು ಹೊಕ್ಕಾರ. ಮಾರ್ವಿನ್‌ದು ಮಾಡಬೇಕಂದ್ರ ಪಿಟೀಲು ಎಲ್ಲಿಂದ ತರ್ತಿ? ಕೀಬೋರ್ಡಿನ ಪಿಟೀಲು ಹಾಕಿದ್ರ ಧಾರಾವಾಹಿ ಅನಸ್ತದ.

ಹಾಡಾಕಿ ಹೆಣ್ಣುಮಗಳು ಅದಾಳ, ಆಕಿಗೆ ಗ್ಲಾಡಿಸ್‌ದ ಮ್ಯಾಲ ಪ್ರೀತಿ ಅದ. ಅದನ್ನ ಮಾಡ್ರಿ. ಡ್ರಮ್ಸ್, ಬೇಸ್, ಪಿಯಾನೊ, ಒಂದು ತಾಂಬೂರಿನ್, ಹಿಂದ ಮೂರು ದನಿ. ಹಿಂದಿನ ದನಿ ನಾಚಬಾರದು ಮತ್ತ. ಪಿಪ್ಸ್ ಇಲ್ದ ಗ್ಲಾಡಿಸ್ ಅಂದ್ರ ಚಟ್ನಿ ಇಲ್ದ ಗಿರಮಿಟ್.

ಡೆಟ್ರಾಯ್ಟಿನಿಂದ
ಬಸು ಹೇಳಿದ್ದೇ ಸರಿ. ಗ್ಲಾಡಿಸ್ ತಂಡ 1973ರಲ್ಲಿ ಮೋಟೌನ್ ಬಿಟ್ಟಿತು, ಆಮೇಲೆ ಬಂದದ್ದು ಅವರ ಅತಿ ದೊಡ್ಡ ಹಾಡು ‘ಮಿಡ್‌ನೈಟ್ ಟ್ರೈನ್ ಟು ಜಾರ್ಜಿಯಾ’. ಇಷ್ಟವಾದರೆ ಅದನ್ನೂ ಸೇರಿಸಿಕೊಳ್ಳಿ.

ಸಂಪಿಗೆ
ಹೇಳಬೇಕೋ ಬೇಡವೋ... ಅದೂ ಕವರ್. ಜಿಮ್ ವೆದರ್ಲಿ ಬರೆದಾಗ ಅದು ‘ಮಿಡ್‌ನೈಟ್ ಪ್ಲೇನ್ ಟು ಹ್ಯೂಸ್ಟನ್’. ವಿಮಾನವನ್ನ ರೈಲು ಮಾಡಿ, ಹ್ಯೂಸ್ಟನ್ನನ್ನ ಜಾರ್ಜಿಯಾ ಮಾಡಿ ಮೊದಲು ಹಾಡಿದವರು ಸಿಸ್ಸಿ ಹ್ಯೂಸ್ಟನ್, ವಿಟ್ನಿ ಹ್ಯೂಸ್ಟನ್ ಅವರ ತಾಯಿ. ಗ್ಲಾಡಿಸ್‌ದು ಅದಾದ ಮೇಲೆ. ಒಂದು ಕಡೆ ಕಳಕೊಂಡದ್ದನ್ನ ಇನ್ನೊಂದು ಕಡೆ ತಗೊಂಡರು ಅನ್ನಿ.

ರಾಗಿಮುದ್ದೆ_ರಾಕ್
ಈ ಹೆಂಗಸು ನನಗೆ ನೆಮ್ಮದಿಯಾಗಿ ಒಂದು ಪಕ್ಷ ಹಿಡಿಯೋಕೂ ಬಿಡಲ್ಲ.

ಕ್ಯಾಸೆಟ್_ಮಗ
ವರದಿ ಒಪ್ಪಿಸ್ತಿದ್ದೀನಿ.

ಈ ಚರ್ಚೆಯನ್ನ ಪೂರ್ತಿ ಬ್ಯಾಂಡ್ ಗ್ರೂಪಿಗೆ ಕಳಿಸಿದೆ. ಹಾಡೋ ಹುಡುಗಿ ‘ಬಿಡುಗಡೆ ನಂದೇ ಮೊದಲು’ ಅಂದಳು. ಡ್ರಮ್ಸ್ ಹುಡುಗ ‘ರೆಕಾರ್ಡಿಂಗ್ ನಂದೇ ಮೊದಲು’ ಅಂದ. ಅರ್ಧ ಗಂಟೆ ಗಲಾಟೆ. ಆಗ ಕೀಬೋರ್ಡ್ ನುಡಿಸೋ ಹುಡುಗ, ಮೂರು ತಿಂಗಳಲ್ಲಿ ಒಟ್ಟು ಹತ್ತು ಮಾತಾಡಿದ್ದಾನೆ, ಮೆತ್ತಗೆ ಕೇಳಿದ: ‘ಮಿರಕಲ್ಸ್ ಹಾಡಿದ್ದು ಇಬ್ಬರಿಗಿಂತ ಮೊದಲು ಅಂತ ಬರೆದಿದಾರಲ್ಲ. ಹಂಗಾದ್ರೆ ನೀವು ಮೂರೂ ಜನ ಸೋತಂಗಲ್ವಾ?’

ಅವನಿಗೂ ಬೇಸ್ ಹುಡುಗನಿಗೂ ದೋಸೆ ಕೊಡಿಸಿದ್ದೀವಿ. ಅವನು ಎರಡು ತಿಂದ, ಮೇಲೆ ಕಾಫಿ.

ಹಾಡು ಗ್ಲಾಡಿಸ್‌ದೇ ಮಾಡ್ತಿದ್ದೀವಿ. ಹಿಂದಿನ ಮೂರು ದನಿಯಲ್ಲಿ ನಾನೊಬ್ಬ. ನಾಚಿಕೆ ಇನ್ನೂ ಪೂರ್ತಿ ಹೋಗಿಲ್ಲ ಬಸು ಅಣ್ಣಾ.

ಇನ್ನೊಂದು. ಊರಿಗೆ ಫೋನ್ ಮಾಡಿ ಮಾವನಿಗೆ ಮಾರ್ವಿನ್ ಗೇದು ಹಾಕಿ ಕೇಳಿಸಿದೆ. ನಿನ್ನ ಕ್ಯಾಸೆಟ್ಟಿನ ಹಾಡು ಇವರದು ಮಾವ, ಕೇಳು ಅಂದೆ. ಸುಮ್ಮನೆ ಕೇಳಿದ. ಮುಗಿದ ಮೇಲೆ ‘ದನಿ ಬಹಳ ಚೆನ್ನಾಗಿದೆ ಕಣೋ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಮೂರೇ ನಿಮಿಷಕ್ಕೆ ಮುಗಿಸಿಬಿಟ್ಟನಲ್ಲೋ. ಇಷ್ಟರಲ್ಲಿ ನೀರೂ ಕಾಯಲ್ಲ.’

ತಂತಿಬೇಲಿ
ಮಾವನಿಗೆ ನನ್ನ ನಮಸ್ಕಾರ ತಿಳಿಸಿ.